ಭಾರ ಬೀಳುವುದು ಕಡೆಯ ಅಕ್ಷರಕ್ಕೆ

ನಿವೃತ್ತಿ ಎಂಬ ಮಾತು ಕೇಳಿ ನಗಬೇಡಿ. ನನಗಿನ್ನೂ ಮೂವತ್ತು ತುಂಬಿಲ್ಲ, ತಲೆಯಲ್ಲಿ ಬಿಳಿ ಕೂದಲಿಲ್ಲ, ಆದರೂ ನಾನು ನಿವೃತ್ತ. ಪಿಂಚಣಿ ಇಲ್ಲ, ಹಾರ-ಶಾಲು ಇಲ್ಲ. ಮಾಡುತ್ತಿದ್ದ ಕೆಲಸವೇ ನನ್ನನ್ನು ಬಿಟ್ಟು ಹೋಗುತ್ತಿತ್ತು, ಅದು ಹೋಗುವ ಮೊದಲೇ ನಾನು ಎದ್ದು ಬಂದೆ, ಅಷ್ಟೆ.

ಬಾಗಲಕೋಟೆಯ ನವನಗರದಲ್ಲಿ ಒಂದು ಮನೆಯ ಮಹಡಿಯ ಮೇಲೆ ಸಣ್ಣ ಧ್ವನಿಮುದ್ರಣದ ಕೋಣೆ ಇದೆ. ಅದು ನದಾಫ ಸರ್ ಅವರದು. ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಲು ಬರುವವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳುವ ವಿವರಣೆಗಳು ಅಲ್ಲಿ ತಯಾರಾಗುತ್ತಿದ್ದವು. ಕನ್ನಡಕ್ಕೆ, ಹಿಂದಿಗೆ, ಇಂಗ್ಲಿಷಿಗೆ ಬೇರೆಯವರಿದ್ದರು. ಫ್ರೆಂಚಿಗೆ ನಾನು. ಓದುವವರು ಓದುತ್ತಿದ್ದರು, ನಾನು ಕೇಳುತ್ತ ಕೂತು ಎಲ್ಲಿ ಅಕ್ಷರ ತಪ್ಪು ಜಾಗದಲ್ಲಿ ಮುರಿಯಿತು, ಎಲ್ಲಿ ಭಾರ, ಅಂದರೆ ದನಿಯ ಒತ್ತು, ತಪ್ಪು ಜಾಗದಲ್ಲಿ ಬಿತ್ತು ಎಂದು ಹೇಳಬೇಕಿತ್ತು. ಹಿಂಗೂ ಒಂದು ಕೆಲಸ ಇರುತ್ತದೆಯೇ ಎಂದು ನಮ್ಮ ಇಳಕಲ್ಲಿನ ಮಂದಿ ಇವತ್ತಿಗೂ ಕೇಳುತ್ತಾರೆ. ಇತ್ತು.

ಹೋದ ವಾರ ನದಾಫ ಸರ್ ಫೋನ್ ಮಾಡಿದರು. “ಸಂಗೂ, ಹೊಸಾ ಹುಡುಗ್ರು ಇಬ್ರು ಬಂದಾರ. ಮಷೀನ್‌ಗೆ ಫ್ರೆಂಚ್ ಕಲಿಸ್ತೀವಿ ಅಂತಾರ. ನೀ ಏನೇನ್ ಎಡವಟ್ಟು ಮಾಡಿದ್ದಿ ಒಂದೀಟು ಬರದು ಕಳಸು. ಅವರರೆ ಬ್ಯಾರೆ ಎಡವಟ್ಟು ಮಾಡ್ಲಿ.”

ಅದಕ್ಕೇ ಇದು. ಒಂದು ಕಡೆ ಕೂತು ಬರೆಯುವುದು ನನ್ನ ಕೈಲಿ ಆಗದ ಮಾತು. ಅಂಗಳದಿಂದ ಪಡಸಾಲೆಗೆ, ಪಡಸಾಲೆಯಿಂದ ಅಂಗಳಕ್ಕೆ ಓಡಾಡುತ್ತಾ ಫೋನಿನಲ್ಲಿ ಬಡಿಯುತ್ತಿದ್ದೇನೆ. ಮಾತು ಅತ್ತ ಇತ್ತ ಹೋದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಫ್ರೆಂಚ್ ಕಲಿತದ್ದು ಯಾವ ಶಾಲೆಯಲ್ಲೂ ಅಲ್ಲ. ಪಿಯುಸಿ ಮುಗಿಸಿ ಇಳಕಲ್ಲಿನ ಒಂದು ಸೀರೆ ಅಂಗಡಿಯಲ್ಲಿ ನಿಂತಿದ್ದೆ. ಒಂದು ದಿನ ಫ್ರಾನ್ಸಿನ ಗಂಡ ಹೆಂಡತಿ ಬಂದರು. ಇಂಗ್ಲಿಷ್ ಅವರಿಗೂ ಅಷ್ಟಕ್ಕಷ್ಟೇ, ನನಗೂ ಅಷ್ಟಕ್ಕಷ್ಟೇ. ಸೀರೆಗಳನ್ನು ಹಾಸಿದ ಮೇಲೆ ಬಣ್ಣದ ಬಗ್ಗೆ ಏನಾದರೂ ಚಂದದ ಮಾತು ಹೇಳಬೇಕು ಅನ್ನಿಸಿತು. ಫೋನಿನಲ್ಲಿ ಕಾಮನಬಿಲ್ಲಿಗೆ ಏನನ್ನುತ್ತಾರೆ ಎಂದು ಹುಡುಕಿದೆ. ಮೂರು ತುಂಡಿನ ಪದ ಬಂತು, ನಡುವೆ ಅಡ್ಡಗೆರೆ. ನಾನು ತುಂಡು ತುಂಡಾಗಿಯೇ ಓದಿದೆ: “ಆರ್ಕ್. ಆಂ. ಸ್ಯೆಲ್.” ಮೂರು ಕಲ್ಲು ಎತ್ತಿ ಹಾಕಿದ ಹಾಗೆ. ಗಂಡ ಹೆಂಡತಿಯ ಮುಖ ನೋಡಿದ, ಹೆಂಡತಿ ಸೀರೆಯ ಮುಖ ನೋಡಿದಳು. ಕಡೆಗೆ ನಾನು ಕೈಯಲ್ಲಿ ಆಕಾಶಕ್ಕೆ ಕಮಾನು ಬರೆದೆ. ಆಕೆ ಚಪ್ಪಾಳೆ ತಟ್ಟಿ ಅದೇ ಪದ ಹೇಳಿದಳು: “ಆರ್ಕಾಂಸ್ಯೆಲ್.” ಒಂದೇ ಉಸಿರು. ಮೊದಲ ತುಂಡಿನ ಕಡೆಯ “ಕ್” ಎಂಬುದು ಎದ್ದು ಹೋಗಿ ಎರಡನೆಯ ತುಂಡಿನ ಮಡಿಲಲ್ಲಿ ಕೂತಿತ್ತು. ಆರ್, ಕಾಂ, ಸ್ಯೆಲ್. ಪದ ಒಂದು ಕಡೆ ಮುರಿದರೆ ಉಸಿರು ಇನ್ನೊಂದು ಕಡೆ ಮುರಿಯುತ್ತಿತ್ತು.

ಅವರು ಸೀರೆ ತೆಗೆದುಕೊಂಡು ಹೋದರು. ನನಗೆ ಹುಚ್ಚು ಹತ್ತಿತು. ಊಟ ಮಾಡುವಾಗಲೂ ಆರ್ಕಾಂಸ್ಯೆಲ್, ನೀರು ಹೊರುವಾಗಲೂ ಆರ್ಕಾಂಸ್ಯೆಲ್. ನನ್ನ ಅವ್ವ ಮಗ್ಗದವರ ಮನೆಗಳಿಗೆ ಕೊಂಡಿ ಹಾಕಲು ಹೋಗುತ್ತಾಳೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡೂ ಸಂಧಿಸುವ ಕಡೆ ಒಂದೊಂದು ಎಳೆಯನ್ನೂ ಕುಣಿಕೆಯೊಳಗೆ ಕುಣಿಕೆ ಹಾಕಿ ಜೋಡಿಸಬೇಕು. ಆ ಕುಣಿಕೆಯೇ ಕೊಂಡಿ. ಅವತ್ತು ಅವಳ ಪಕ್ಕ ಕೂತು ಕೇಳಿದೆ, “ಯವ್ವಾ, ಈ ಕೊಂಡಿ ಒಡಲಿಂದೋ ಸೆರಗಿಂದೋ?”

“ಎರಡರದೂ ಹೌದು. ಯಾಕ?”

“ಕತ್ತರಿಸಿದ್ರ ಯಾರ ಕಡಿ ಹೋಗ್ತೈತಿ?”

“ಕತ್ತರಿಸಿದ್ರ ನಿನ್ನ ಕೈ ಕತ್ತರಿಸ್ತೇನಿ. ಏಳು ಅತ್ಲಾಗ.”

ಎದ್ದೆ. ಆದರೆ ನನಗೆ ಬೇಕಾದದ್ದು ಸಿಕ್ಕಿತ್ತು. ಫ್ರೆಂಚ್ ಪದಗಳ ನಡುವೆಯೂ ಹೀಗೆಯೇ ಕೊಂಡಿ ಬೀಳುತ್ತದೆ ಎಂದುಕೊಂಡ ದಿನದಿಂದ ಆ ಭಾಷೆ ನನಗೆ ಬಾಗಿಲು ತೆರೆಯಿತು. ಉಳಿದದ್ದನ್ನು ಫೋನಿನಲ್ಲಿ ಕೇಳಿ ಕೇಳಿ ಕಲಿತೆ. ಹೊಸ ಹುಡುಗರಿಗೆ ಮೊದಲ ಮಾತು ಇದೇ: ಕಾಗದದ ಮೇಲಿನ ಅಡ್ಡಗೆರೆಯನ್ನು ನಂಬಬೇಡಿ. ಅದು ಕಣ್ಣಿಗೆ ಮಾತ್ರ ಇದೆ, ಬಾಯಿಗಿಲ್ಲ.

ಭಾರದ ಪಾಠ ಕಲಿತದ್ದು ಹುನಗುಂದದಲ್ಲಿ. ಅಲ್ಲಿನ ಕಾಲೇಜೊಂದರಲ್ಲಿ ಪ್ರವಾಸೋದ್ಯಮ ಓದುವ ಹುಡುಗಿಯರಿಗೆ ವಾರಕ್ಕೊಮ್ಮೆ ಉಚ್ಚಾರ ಹೇಳಿಕೊಡಲು ಹೋಗುತ್ತಿದ್ದೆ. ನನ್ನ ಕಲಿಕೆ ಅವರಿಗಿಂತ ಒಂದು ಹೆಜ್ಜೆ ಮುಂದಿತ್ತು, ಕೆಲವೊಮ್ಮೆ ಅರ್ಧ ಹೆಜ್ಜೆ. ರೊಕ್ಕದ ಪಾಕೀಟಿಗೆ ಅವರಲ್ಲಿ “ಪೋರ್ತ್‌ಮೊನೆ” ಅನ್ನುತ್ತಾರೆ. ಪೋರ್ತ್ ಅಂದರೆ ಹೊರುವುದು, ಮೊನೆ ಅಂದರೆ ಚಿಲ್ಲರೆ. ಎರಡೂ ಬಿಡಿಯಾಗಿದ್ದಾಗ ಎರಡಕ್ಕೂ ತಮ್ಮ ತಮ್ಮ ಭಾರ ಇರುತ್ತದೆ. ಸೇರಿದ ಮೇಲೆ ಮೊದಲನೆಯದು ತನ್ನ ಭಾರವನ್ನೆಲ್ಲ ಎರಡನೆಯದಕ್ಕೆ ಒಪ್ಪಿಸಿ ಹಗುರಾಗಿಬಿಡುತ್ತದೆ. ಒತ್ತು ಬೀಳುವುದು ಕಡೆಯ “ನೆ” ಮೇಲೆ, ಒಂದೇ ಒಂದು ಸಲ. ಹುಡುಗಿಯರು “ಪೋ” ಮೇಲೆ ಕುಕ್ಕುತ್ತಿದ್ದರು. ನಾನು ತಿರುತಿರುಗಿ ಹೇಳಿ ಸೋತೆ. ಹಿಂದಿನ ಬೆಂಚಿನ ಒಬ್ಬಳು ಎದ್ದು ನಿಂತಳು.

“ಸರ್, ಅಂದ್ರ ಸೊಸಿ ಮನಿಗೆ ಬಂದ ಮ್ಯಾಲ ಅತ್ತಿ ಸೊಂಟದಾಗಿನ ಕೀಲಿಕೈ ಹೋದಂಗ?”

“ಹೌದು, ಹಂಗ.”

“ನಮ್ಮ ಮನ್ಯಾಗ ಹೋಗಿಲ್ರಿ ಸರ್.” ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ನಗು ಮುಗಿದ ಮೇಲೆ ಎಲ್ಲರೂ ಸರಿಯಾಗಿ ಹೇಳಿದರು.

ಆದರೆ ಸೊಸೆಯ ಕೈಯಲ್ಲೂ ಕೀಲಿಕೈ ಉಳಿಯುವುದಿಲ್ಲ, ಅದು ಆಮೇಲೆ ಗೊತ್ತಾಯಿತು. ಗೋಡೆಯ ಮೇಲೆ ಉಬ್ಬಿ ಬಂದಿರುವ ಶಿಲ್ಪಕ್ಕೆ “ಬಾರಲ್ಯೆಫ್” ಅನ್ನುತ್ತಾರೆ. ಭಾರ “ಲ್ಯೆಫ್” ಮೇಲೆ. “ಛಾವಣಿಯ ಶಿಲ್ಪ” ಎಂದು ಹೇಳಲು ಅದರ ಹಿಂದೆ “ದ್ಯು ಪ್ಲಾಫೋಂ” ಸೇರಿಸಿದರೆ “ಲ್ಯೆಫ್” ಕೂಡ ಹಗುರಾಗಿ ಭಾರವೆಲ್ಲ ಕಡೆಯ “ಫೋಂ” ಮೇಲೆ ಹೋಗಿ ಕೂಡುತ್ತದೆ. ಮಾತು ಬೆಳೆದಂತೆ ಭಾರ ಮುಂದಕ್ಕೆ ಮುಂದಕ್ಕೆ. ಎಲ್ಲಿಯೂ ನಿಲ್ಲದ ಭಾಷೆ. ನನ್ನಂಥವನಿಗೆ ಹೇಳಿ ಮಾಡಿಸಿದ್ದು.

ಇಷ್ಟು ಬಂಡವಾಳ ಇಟ್ಟುಕೊಂಡು ನದಾಫ ಸರ್ ಹತ್ತಿರ ಹೋದೆ. ಅವರು ಮೊದಲು ಮದುವೆ ಮನೆಗಳಿಗೆ ಮೈಕ್ ಕಟ್ಟುತ್ತಿದ್ದವರು. ಕೋಣೆಯ ಸದ್ದು ಹೀರಲು ನಾಲ್ಕೂ ಗೋಡೆಗೆ ಹಳೇ ಕೌದಿ ತೂಗುಹಾಕಿದ್ದರು. ಯಾರ‍್ಯಾರದೋ ಅಜ್ಜಿಯರ ಸೀರೆ, ಕುಬಸಗಳ ತುಂಡು ಹೊಲಿದ ಕೌದಿಗಳು. ಅದರ ನಡುವೆ ಕೂತು ಫ್ರೆಂಚ್ ಮಾತಾಡಬೇಕು. ಪಕ್ಕದ ಮನೆಯ ಕುಕ್ಕರ್ ಸೀಟಿ ಹೊಡೆದರೆ ಮತ್ತೆ ಮೊದಲಿನಿಂದ.

ಸರ್‌ಗೆ ಒಂದು ಚಟ ಇತ್ತು. ಕಂಪ್ಯೂಟರಿನಲ್ಲಿ ಧ್ವನಿ ಅಲೆಅಲೆಯಾಗಿ ಕಾಣುತ್ತದಲ್ಲ, ಅಲೆ ಇಲ್ಲದ ಜಾಗ ಎಲ್ಲಿ ಕಂಡರೂ ಕತ್ತರಿಸುವುದು. “ಸುಮ್ನಿರೂದಕ್ಕ ಯಾರೂ ರೊಕ್ಕ ಕೊಡಂಗಿಲ್ಲೋ ಸಂಗೂ” ಅನ್ನುತ್ತಿದ್ದರು. ಆಮೇಲೆ ಈ ಚಟದ ಮೇಲೆ ನಮ್ಮಿಬ್ಬರಿಗೂ ಜಗಳವಾಯಿತು. ಅದಕ್ಕೆ ಬರುತ್ತೇನೆ.

ಐಹೊಳೆಯ ಫ್ರೆಂಚ್ ವಿವರಣೆ ಮಾಡುವ ಕೆಲಸ ಬಂದಾಗ ದನಿ ಯಾರದು ಎಂಬ ಪ್ರಶ್ನೆ ಎದ್ದಿತು. ನನ್ನ ಉಚ್ಚಾರ ಪರವಾಗಿಲ್ಲ, ದನಿ ಮಾತ್ರ ತಗಡಿನ ಡಬ್ಬಿ. ಕೆಲಸ ಕೊಟ್ಟ ಕಂಪನಿಯವರು ಆ ಊರಿನವರದೇ ದನಿ ಸಿಕ್ಕರೆ ಒಳ್ಳೆಯದು, ಉಚ್ಚಾರ ಸರಿಯಿಲ್ಲದಿದ್ದರೆ ಯಂತ್ರದ ದನಿ ಹಾಕುತ್ತೇವೆ ಎಂದಿದ್ದರು. ಸುದ್ದಿ ಕೇಳಿ ಎರಡು ದಿನಕ್ಕೆ ಒಬ್ಬರು ಮೆಟ್ಟಿಲು ಹತ್ತಿ ಬಂದರು. ಅರವತ್ತರ ಆಸುಪಾಸು, ತಲೆಗೆ ಪಟಗ, ಹಿಂದೆ ಹೆಂಡತಿ. ಐಹೊಳೆಯ ಯಮನಪ್ಪ ಕಾಕಾ ಮತ್ತು ಗಂಗವ್ವ ಚಿಗವ್ವ.

ಯಮನಪ್ಪ ಕಾಕಾ ಹೊಲದ ಕೂಲಿಗೆ ಹೋಗುತ್ತಿದ್ದವರು. ಅವರ ಹರೆಯದಲ್ಲಿ ಫ್ರಾನ್ಸಿನ ಗಂಡ ಹೆಂಡತಿ ಇಬ್ಬರು ಹಲವು ಚಳಿಗಾಲ ಬಂದು ಗುಡಿಗಳ ಅಳತೆ ತೆಗೆದರಂತೆ. ಟೇಪಿನ ಇನ್ನೊಂದು ತುದಿ ಹಿಡಿಯಲು ಇವರನ್ನು ಕರೆದರು. ಹಿಡಿ, ಬಿಡು, ಎಳೆ, ಇನ್ನೂ ಆಚೆ ಎಂಬ ಮಾತುಗಳಿಂದ ಶುರುವಾಗಿ ಫ್ರೆಂಚ್ ಕಿವಿಯಿಂದಲೇ ಒಳಗಿಳಿದಿತ್ತು. ಆಮೇಲೆ ಗೈಡ್ ಆದರು. ಓದಲು ಬಾರದು. ಮಾತು ಮಾತ್ರ ಹಳ್ಳ ಹರಿದ ಹಾಗೆ.

ಕೂತ ಕೂಡಲೇ ವಿಷಯಕ್ಕೆ ಬಂದರು. “ಸಂಗಪ್ಪಾ, ಗಂಟಲದಾಗ ಗಂಟು ಆಗೇತ್ರಿ. ಹುಬ್ಬಳ್ಳಿ ದವಾಖಾನ್ಯಾಗ ಆಪರೇಷನ್ ಮಾಡ್ತಾರಂತ. ದನಿ ಪೆಟಗಿನ ತಗದು ಹಾಕ್ತಾರಂತರಿ. ಹುಣ್ಣಿವಿ ಆದ ಮ್ಯಾಲಿನ ಸೋಮವಾರ. ಜೀವಕ್ಕ ಏನೂ ಆಗೂದಿಲ್ಲ ಅಂದಾರ. ಮಾತು ಒಂದ ಹೊಕ್ಕೈತಿ.”

ನದಾಫ ಸರ್ ಚಹಾದ ಬಟ್ಟಲು ಕೆಳಗಿಟ್ಟರು.

“ಅದಕ್ಕ ಬಂದೇನ್ರಿ. ದನಿ ಹೋಗೂದು ಹೋಗ್ಲಿ. ಗುಡ್ಯಾಗ ಒಂದು ಕಡಿ ಇರ್ಲಿ.”

ಗಂಗವ್ವ ಚಿಗವ್ವ ಗೋಡೆಯ ಕೌದಿಯ ಹೊಲಿಗೆ ಮುಟ್ಟಿ ನೋಡುತ್ತಿದ್ದಳು. ತಿರುಗಿ ನೋಡಲಿಲ್ಲ.

ಅವತ್ತಿನಿಂದ ನನಗೆ ನಿದ್ದೆ ಹತ್ತಲಿಲ್ಲ. ಇಳಕಲ್ಲಿನಿಂದ ಹುನಗುಂದ, ಅಮೀನಗಡ ದಾಟಿ ಬಾಗಲಕೋಟೆಗೆ ಬಸ್ಸಿನಲ್ಲಿ ಬರುವಾಗ ಕೂಡಲು ಜಾಗ ಇದ್ದರೂ ನಿಂತೇ ಬರುತ್ತಿದ್ದೆ. ಆಕಾಶದಲ್ಲಿ ಚಂದ್ರ ದೊಡ್ಡದಾಗುತ್ತಿದ್ದರೆ ಸಿಟ್ಟು ಬರುತ್ತಿತ್ತು.

ಮೊದಲ ದಿನದ ಧ್ವನಿಮುದ್ರಣ ಅಮೃತದ ಹಾಗಿತ್ತು. ಬರಹವನ್ನು ನಾನು ತುಂಡು ತುಂಡಾಗಿ ಹೇಳುತ್ತಿದ್ದೆ, ಕಾಕಾ ಅದನ್ನು ತಮ್ಮ ಬಾಯಿಗೆ ಹಾಕಿಕೊಂಡು ಜೀವ ತುಂಬಿ ಆಚೆ ಬಿಡುತ್ತಿದ್ದರು. ಕೊಂಡಿಗಳೆಲ್ಲ ಸರಿಯಾಗಿ ಬೀಳುತ್ತಿದ್ದವು. ಒಂದೇ ಒಂದು ತೊಡಕು. ಪ್ರತಿ ಮಾತಿನ ಕೊನೆಗೆ “ರಿ.” ರಗಾರ್ದೆ ರಿ, ಅಂದರೆ ನೋಡಿ ರಿ. ಬಾರಲ್ಯೆಫ್ ರಿ. ನಮ್ಮ ಕಡೆ ಹಿರಿಯರ ಜೊತೆ, ಹೊಸಬರ ಜೊತೆ “ರಿ” ಹಚ್ಚದೆ ಮಾತಾಡಿದರೆ ಕೈ ಜೋಡಿಸದೆ ಗುಡಿ ಹೊಕ್ಕ ಹಾಗೆ. ಕಾಕಾ ಇಷ್ಟು ವರ್ಷ ಫ್ರಾನ್ಸಿನವರಿಗೂ ಅದನ್ನೇ ಕೊಟ್ಟಿದ್ದರು, ಎದುರಿಗೆ ನಿಂತವರು ಅದನ್ನು ಪ್ರೀತಿಯಿಂದಲೇ ತಗೊಂಡಿದ್ದರು. ಹೆಡ್‌ಫೋನಿನಲ್ಲಿ ಮಾತ್ರ ಕೇಳುವವನಿಗೆ ಅದೇನು ಎಂದು ತಿಳಿಯುವುದು ಹೇಗೆ?

“ಅದರಾಗೇನೈತಿ, ರಿ ಕತ್ತರಿಸಿ ಒಗಿ” ಎಂದರು ಸರ್. ನಾನೂ ಹುರುಪಿನಲ್ಲಿ ಕೂತು ಎಲ್ಲ “ರಿ”ಗಳನ್ನೂ ಅಲೆಯಿಂದ ತೆಗೆದೆ. ಕಳಿಸಿದೆವು. ಕಂಪನಿಯವರು ವಾಪಸು ಕಳಿಸಿದರು: ಮಾತಿಗೆ ಕೊನೆಯೇ ಇಲ್ಲ, ಎಲ್ಲಿಯೂ ಭಾರ ಬೀಳುತ್ತಿಲ್ಲ, ಬೇರೆ ದನಿ ನೋಡಬೇಕಾಗುತ್ತದೆ.

ಹುಡುಗರೇ, ಇಲ್ಲಿ ನಿಧಾನಕ್ಕೆ ಓದಿ. “ರಿ” ಹೇಳಲು ಹೊರಟವನು ಮೊದಲಿನಿಂದಲೇ ಅದರ ಕಡೆಗೆ ನಡೆಯುತ್ತಿರುತ್ತಾನೆ. ಭಾರವನ್ನೆಲ್ಲ ಅಲ್ಲಿಗಾಗಿ ಕಾದಿಟ್ಟಿರುತ್ತಾನೆ. “ಲ್ಯೆಫ್” ಮೇಲೆ ಬೀಳಬೇಕಾದದ್ದು “ರಿ” ಮೇಲೆ ಬಿದ್ದಿತ್ತು, ನಾನು ಅದನ್ನೇ ಕತ್ತರಿಸಿ ಒಗೆದಿದ್ದೆ. ಊರು ಬರುವ ಮೊದಲೇ ಇಳಿಸಿಬಿಟ್ಟ ಪ್ರಯಾಣಿಕರ ಹಾಗೆ ಮಾತುಗಳೆಲ್ಲ ನಡುದಾರಿಯಲ್ಲಿ ನಿಂತಿದ್ದವು. ಆಡುವಾಗ ಇಲ್ಲದ ಭಾರವನ್ನು ಆಮೇಲೆ ಕಂಪ್ಯೂಟರಿನಿಂದ ಹಾಕಲು ಬರುವುದಿಲ್ಲ. ಮತ್ತೆ ಮೊದಲಿನಿಂದ ಆಡಿಸಬೇಕಿತ್ತು. ಅಷ್ಟರಲ್ಲಿ ಕಾಕಾನ ದನಿ ಒಡೆಯಲು ಶುರುವಾಗಿತ್ತು.

“ಕಾಕಾ, ರಿ ಬಿಟ್ಟು ಹೇಳ್ರಿ” ಎಂದೆ.

“ರಿ ಬಿಟ್ಟು? ಬಂದ ಮಂದಿಗೆ ಲೇ ಅಂದಂಗ ಆಗೂದಿಲ್ಲೇನೋ ತಮ್ಮಾ?”

“ಅವರ ಭಾಷಾದಾಗ ರಿ ಇಲ್ರಿ.”

“ಅವರ ಭಾಷಾದಾಗ ಇಲ್ಲ. ನನ್ನ ನಾಲಿಗ್ಯಾಗ ಐತೆಲ್ಲ, ಏನ್ ಮಾಡ್ಲಿ?”

ಮಾಡಿ ನೋಡಿದರು. ಬಾಯಿ ಕೇಳಲಿಲ್ಲ. “ಲ್ಯೆಫ್” ಎಂದು ನಿಲ್ಲಿಸಿ, ತುಟಿ ಬಿಗಿಹಿಡಿದು, ಉಸಿರು ಬಿಡುವಾಗ “ರಿ” ಹೊರಬರುತ್ತಿತ್ತು. ನದಾಫ ಸರ್ ಒಂದು ಉಪಾಯ ಹೇಳಿದರು: “ಯಮನಪ್ಪಾರ, ಎತ್ತಿಗೆ ಹೇಳ್ದಂಗ ಹೇಳ್ರಿ. ಎತ್ತಿಗೇನ್ ರಿ ಹಚ್ತೀರೇನು?” ಕಾಕಾ ಎತ್ತಿಗೆ ಹೇಳಿದ ಹಾಗೆ ಹೇಳಿದರು. ಮೊದಲ ಅಕ್ಷರಕ್ಕೇ ಚಾಟಿ ಬಿತ್ತು. ಗುಡಿ ನೋಡಲು ಬಂದವರು ಹೆಡ್‌ಫೋನ್ ಕಿತ್ತೆಸೆದು ಓಡಬೇಕು, ಹಾಗಿತ್ತು. ಮೂವರೂ ನಕ್ಕೆವು. ನಗು ಕಾಕಾಗೆ ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಅವತ್ತಿನ ಕೆಲಸ ಅಲ್ಲಿಗೇ ನಿಂತಿತು. ದನಿಗೆ ವಿಶ್ರಾಂತಿ ಕೊಡಿ ಎಂದು ಡಾಕ್ಟರು ಹೇಳಿದ್ದರಂತೆ. ಅದನ್ನು ಚಿಗವ್ವ ಮೆಟ್ಟಿಲು ಇಳಿಯುವಾಗ ನನಗೊಬ್ಬನಿಗೇ ಕೇಳುವಂತೆ ಹೇಳಿದಳು.

ವಿಶ್ರಾಂತಿಗೆ ಬಿಟ್ಟರೆ ಹುಣ್ಣಿಮೆ ಬರುತ್ತದೆ. ಬಿಡದಿದ್ದರೆ ದನಿ ಈಗಲೇ ಹೋಗುತ್ತದೆ. ನಾನು ಬಸ್ ನಿಲ್ದಾಣದಲ್ಲಿ ಒಂದು ಬಸ್ಸು ಬಿಟ್ಟೆ, ಇನ್ನೊಂದು ಬಿಟ್ಟೆ, ಸುಮ್ಮನೆ ಈ ತುದಿಯಿಂದ ಆ ತುದಿಗೆ ಓಡಾಡಿದೆ. ಪಕ್ಕದಲ್ಲಿ ಯಾರೋ ಗಂಡ ಹೆಂಡತಿ ಜಗಳವಾಡುತ್ತಿದ್ದರು. “ಎಷ್ಟೊತ್ತು ಅಂತ ನಿಲ್ಲೂದ್ರಿ?” ಎಂದಳು ಆಕೆ. “ಏ, ಸುಮ್ ನಿಂದ್ರ” ಎಂದ ಆತ. ನಾನು ಅಲ್ಲೇ ನಿಂತೆ. ಹೆಂಡತಿ ಗಂಡನಿಗೆ “ರಿ” ಹಚ್ಚುತ್ತಾಳೆ. ನಮ್ಮ ಕಡೆಯ ಯಾವ ಗಂಡ ಹೆಂಡತಿಗೆ “ರಿ” ಹಚ್ಚಿದ್ದಾನೆ?

ಸರ್‌ಗೆ ಫೋನ್ ಮಾಡಿ ಹೇಳಿದೆ. “ನನ್ನ ಹೇಣ್ತಿ ಮುಂದ ಈ ಮಾತು ಆಡಬ್ಯಾಡಪಾ” ಎಂದರು.

ಹುಣ್ಣಿಮೆಗೆ ಇನ್ನೂ ಸ್ವಲ್ಪ ದಿನ ಇರುವಾಗ ಐಹೊಳೆಗೆ ಹೋದೆವು. ಕಾಕಾಗೆ ಪ್ರಯಾಣ ಬೇಡ ಎಂದು ಅವರ ಮನೆಯಲ್ಲೇ ಧ್ವನಿಮುದ್ರಣ. ಕೋಣೆಗೆ ಚಿಗವ್ವನ ಕೌದಿಗಳನ್ನೇ ತೂಗುಹಾಕಿದೆವು, ಕೋಳಿಗಳನ್ನು ಪಕ್ಕದ ಓಣಿಗೆ ಅಟ್ಟಿದೆವು. ಮೈಕಿನ ಎದುರು ಕಾಕಾನನ್ನು ಕೂಡಿಸಿ, ಅವರ ಎದುರು ಚಿಗವ್ವನನ್ನು ಕೂಡಿಸಿದೆ.

“ಕಾಕಾ, ಇವತ್ತು ಮೈಕಿಗೆ ಹೇಳಬ್ಯಾಡ್ರಿ. ಚಿಗವ್ವಗ ಗುಡಿ ತೋರಿಸ್ರಿ.”

“ಇಕಿಗೆ? ಇಕಿಗೇನ್ ತಿಳೀತೈತೋ?”

“ತಿಳೀದಿದ್ರ ತಿಳೀವಲ್ದು” ಎಂದಳು ಚಿಗವ್ವ. ಮೊರದಲ್ಲಿದ್ದ ಹೆಸರುಕಾಳನ್ನು ಪಕ್ಕಕ್ಕೆ ಸರಿಸಿದಳು, ಕಾಳಿನ ಸದ್ದು ಮೈಕಿಗೆ ಬೀಳುತ್ತದೆಂದು ನಾನು ಹೇಳಿದ್ದೆ. “ಇಷ್ಟು ವರ್ಷ ಹೊರಗಿನ ಮಂದಿನ್ನೆಲ್ಲ ಕರಕೊಂಡು ಹೋಗಿ ತೋರ್ಸಿ ತೋರ್ಸಿ ಬಂದ್ರಿ. ನಾ ಆ ಗುಡಿ ಬಾಜೂಕನ ಹೊಲದಾಗ ಕಸಾ ತಗೀತಿದ್ನಿ. ನನಗೊಂದಿನ ಬಾ ಅಂದ್ರೇನು?”

ಕಾಕಾ ಪಟಗ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು. ನಾನು ಮೊದಲ ವಾಕ್ಯ ಮೆಲ್ಲಗೆ ಹೇಳಿಕೊಟ್ಟೆ. ಅವರು ಹೆಂಡತಿಯ ಮುಖ ನೋಡುತ್ತಾ ಹೇಳಿದರು.

“ರಿ” ಬರಲಿಲ್ಲ. ಒಡೆದ ದನಿಯೇ, ಆದರೆ ಮಾತು ಇಳಿಜಾರಿನಲ್ಲಿ ನಡೆದು ಹೋಗಿ ಕಡೆಯ ಅಕ್ಷರದ ಮೇಲೆ ಮೆತ್ತಗೆ ಕೂತಿತು. ಬಾ-ರ-ಲ್ಯೆಫ್. ನದಾಫ ಸರ್ ಹೆಬ್ಬೆರಳು ಎತ್ತಿದರು. ಅಷ್ಟರಲ್ಲಿ ಚಿಗವ್ವ ಗಟ್ಟಿಯಾಗಿ “ಹ್ಞೂಂರಿ” ಎಂದಳು.

“ಚಿಗವ್ವಾ, ನೀವು ಹ್ಞೂಂ ಅನಬಾರ್ದು!”

“ಹೇಳಾಕ ಹತ್ತ್ಯಾರ. ಹ್ಞೂಂ ಅನ್ನದ ಕುಂತ್ರ ಹೇಳಾವ್ರಿಗೆ ಹೆಂಗ ಅನಸಬೇಕು?”

ನಿಜ. ನಮ್ಮಲ್ಲಿ ಕಥೆ ಕೇಳುವವರು ಹ್ಞೂಂಗುಟ್ಟದಿದ್ದರೆ ಹೇಳುವವರು ನಿಲ್ಲಿಸಿಬಿಡುತ್ತಾರೆ. ಕಡೆಗೆ ಒಂದು ಒಪ್ಪಂದವಾಯಿತು: ಬಾಯಿ ಬೇಡ, ತಲೆಯಾಡಿಸಿದರೆ ಸಾಕು. ಆಕೆ ತುಟಿಯ ಮೇಲೆ ಸೆರಗು ಒತ್ತಿಕೊಂಡು, ಪ್ರತಿ ಮಾತು ಮುಗಿದಾಗ ತಲೆಯಾಡಿಸಿದಳು. ಕಾಕಾನೂ ಎದುರಿಗೆ ಒಮ್ಮೆ ತಲೆ ಬಾಗಿಸಿ, ಆಕೆಯದು ಮುಗಿಯುವವರೆಗೆ ಕಾದು, ಆಮೇಲೆ ಮುಂದಿನ ಮಾತು ಶುರುಮಾಡಿದರು. ದುರ್ಗದ ಗುಡಿಯ ಹಿಂಬದಿಯ ದುಂಡು, ಪ್ರದಕ್ಷಿಣೆಯ ಕಂಬಗಳು, ನಂದಿಗೆ ಒರಗಿ ನಿಂತ ಶಿವ, ಕೋಣನನ್ನು ಒತ್ತಿ ಹಿಡಿದ ದೇವಿ. ಒಂದೊಂದಾಗಿ ಎಲ್ಲವನ್ನೂ, ಆಕೆಗೆ ಒಂದು ಅಕ್ಷರವೂ ತಿಳಿಯದ ಭಾಷೆಯಲ್ಲಿ, ಆಕೆಗೆ ತೋರಿಸಿದರು. ನಡುವೆ ಕೆಮ್ಮು ಬಂದಾಗ ಬಿಸಿನೀರು, ಆಮೇಲೆ ಮತ್ತೆ. ಸೂರ್ಯ ಇಳಿಯುವ ಹೊತ್ತಿಗೆ ಕಡೆಯ ವಾಕ್ಯ ಉಳಿದಿತ್ತು. ಅದನ್ನು ಹೇಳುವಾಗ ದನಿ ಗಾಳಿಯಷ್ಟೇ ಆಗಿತ್ತು. ಆದರೂ ಭಾರ ಬೀಳುವ ಕಡೆ ಬಿತ್ತು.

ಬಾಗಲಕೋಟೆಗೆ ಬಂದ ಮೇಲೆ ಜಗಳ. ಅಲೆಗಳ ನಡುವೆ ಅಲ್ಲಲ್ಲಿ ಖಾಲಿ ಜಾಗ, ಚಿಗವ್ವ ತಲೆಯಾಡಿಸಿದ ಹೊತ್ತು. ನದಾಫ ಸರ್ ಕತ್ತರಿ ಹಿಡಿದು ಕೂತರು.

“ಸರ್, ಬ್ಯಾಡ್ರಿ.”

“ಯಾಕ? ಏನೂ ಇಲ್ಲಲ್ಲೋ ಇಲ್ಲಿ.”

“ಭಾರ ಬಿದ್ದ ಮ್ಯಾಲ ಅದಕ್ಕ ನಿಂದ್ರಾಕ ಜಾಗಾ ಬೇಕ್ರಿ.” ಪಾಠದ ಮಾತಾಗಿ ಇದು ಸರಿಯೇ, ಆದರೆ ಅದಕ್ಕಾಗಿ ನಾನು ಹೇಳಲಿಲ್ಲ. ಸರ್‌ಗೂ ಗೊತ್ತಿತ್ತು. ನನ್ನ ಮೇಲೆ ರೇಗಿದರು, ಕಂಪನಿಯವರು ಉದ್ದ ಆಯಿತು ಅಂದರೆ ನೀನೇ ಉತ್ತರ ಕೊಡು ಅಂದರು, ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಮೊದಲಿನಿಂದ ಕಡೆಯವರೆಗೆ ಕೇಳಿದರು. ಕತ್ತರಿಸದೆ ಕಳಿಸಿದರು. ಒಪ್ಪಿಗೆ ಬಂತು, ಸೋಮವಾರದ ಮೊದಲೇ ಬಂತು. ನಾನು ಫೋನ್ ಮಾಡಿ ಹೇಳಿದಾಗ ಕಾಕಾ ಪಿಸುದನಿಯಲ್ಲಿ “ಆತ್ರಿ, ಭಾಳ ಛಲೋ ಆತ್ರಿ” ಎಂದರು. ನಾನು ನೇರವಾಗಿ ಕೇಳಿದ ಅವರ ಕಡೆಯ ಮಾತು ಅದು. ಅದರಲ್ಲಿ ಎರಡು “ರಿ” ಇದ್ದವು, ನನ್ನಂಥ ಹುಡುಗನಿಗೆ.

ಆಮೇಲಿನ ಕೆಲಸದ ಬಗ್ಗೆ ಹೇಳಲು ಹೆಚ್ಚಿಲ್ಲ. ಬಾದಾಮಿಯ ಫ್ರೆಂಚಿಗೆ ಯಂತ್ರದ ದನಿ ಬಂತು. ಅಕ್ಷರ ಸರಿಯಾಗಿ ಮುರಿಯುತ್ತದೆ, ಭಾರ ಸರಿಯಾದ ಕಡೆ ಬೀಳುತ್ತದೆ, ಕೆಮ್ಮುವುದಿಲ್ಲ. ನನ್ನ ಕೆಲಸ ಅದನ್ನು ಕೇಳಿ “ಸರಿ ಇದೆ” ಎಂದು ಒತ್ತುವುದಾಯಿತು. ಕೂತು ಕೂತು ಕಾಲು ಜೋಮು ಹಿಡಿಯುತ್ತಿತ್ತು. ಒಂದು ದಿನ ಎದ್ದು ಚಹಾ ಕುಡಿಯಲು ಕೆಳಗಿಳಿದವನು ಮತ್ತೆ ಮೇಲೆ ಹತ್ತಲಿಲ್ಲ. ಹೊಸ ಹುಡುಗರು ನನಗಿಂತ ಚುರುಕಿದ್ದಾರೆ, ಯಂತ್ರವನ್ನು ಬೈಯುವುದು ನನ್ನ ಉದ್ದೇಶವಲ್ಲ. ಒಂದೇ ಕೇಳಿಕೊಳ್ಳುವುದು: ಅದಕ್ಕೆ ಮಾತು ಕಲಿಸುವಾಗ ಎದುರಿಗೆ ಯಾರನ್ನಾದರೂ ಕೂಡಿಸಿಕೊಳ್ಳಿ.

ಕಡೆಯದಾಗಿ ಇದೊಂದು. ಐಹೊಳೆಯ ವಿವರಣೆ ಶುರುವಾದ ಮೇಲೆ ನೋಡಲು ಹೋದೆ. ಆಪರೇಷನ್ ಆಗಿ ಕಾಕಾ ಚೇತರಿಸಿಕೊಂಡಿದ್ದರು, ಕೊರಳಿಗೆ ಟವೆಲ್ ಸುತ್ತಿದ್ದರು. ನನ್ನ ಕೈ ಹಿಡಿದು ಜಗ್ಗಿದರು, ದುರ್ಗದ ಗುಡಿಯ ಕಡೆ ಬೆರಳು ತೋರಿಸಿದರು. ಚಿಗವ್ವ ಆಗಲೇ ಅಲ್ಲಿದ್ದಳು. ಹೊಸ ಇಳಕಲ್ ಸೀರೆ ಉಟ್ಟು, ಸೆರಗಿನ ಮೇಲೆ ಹೆಡ್‌ಫೋನ್ ಹಾಕಿಕೊಂಡಿದ್ದಳು.

ಕಾಕಾ ಮುಂದೆ, ಆಕೆ ಹಿಂದೆ, ಕಂಬಗಳ ಸಾಲಿನಲ್ಲಿ ನಡೆದರು. ನನಗೆ ದನಿ ಕೇಳುತ್ತಿರಲಿಲ್ಲ. ಆದರೆ ಕಾಕಾನ ಕೈ ನೋಡಿಯೇ ಮಾತು ಎಲ್ಲಿದೆ ಎಂದು ಗೊತ್ತಾಗುತ್ತಿತ್ತು. ಒಂದೊಂದು ಮಾತೂ ಅವರಿಗೆ ಬಾಯಿಪಾಠ. ಕೈ ಮೇಲೆ ಏರುತ್ತಾ ಏರುತ್ತಾ ಹೋಗಿ, ಕಡೆಯ ಅಕ್ಷರಕ್ಕೆ ಕೆಳಗಿಳಿದು, ನಿಲ್ಲುತ್ತಿತ್ತು. ಆಗ ತಲೆ ಬಾಗಿಸುತ್ತಿದ್ದರು.

ಚಿಗವ್ವ ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿದಳು. “ಸಂಗೂ, ದನಿ ಇಲ್ಲೆ ನಿಂತೈತಲ್ಲೋ. ಮುಗೀತೇನು?”

“ಮುಗದಿಲ್ರಿ. ಮುಂದಿನ ಮೂರ್ತಿ ಕಡೆ ಹೋಗ್ರಿ.”

ಕಾಕಾ ಆಗಲೇ ನಂದಿಗೆ ಒರಗಿದ ಶಿವನ ಹತ್ತಿರ ನಿಂತು ಕಾಯುತ್ತಿದ್ದರು. ಆಕೆ ಹೆಡ್‌ಫೋನ್ ಸರಿಪಡಿಸಿಕೊಂಡು ಹೋಗಿ ಎದುರಿಗೆ ನಿಂತಳು. ಕಾಕಾನ ಕೈ ಏರಿತು, ಇಳಿಯಿತು, ನಿಂತಿತು. ತಲೆ ಬಾಗಿತು. ಹೆಡ್‌ಫೋನ್ ಹಾಕಿಕೊಂಡವರು ಮಾತಾಡುವಷ್ಟು ಗಟ್ಟಿಯಾಗಿ, ಇಡೀ ಗುಡಿಗೆ ಕೇಳುವ ಹಾಗೆ, ಚಿಗವ್ವ ಅಂದಳು:

“ಹ್ಞೂಂರಿ.”